ಕುಂಕುಮ ಹಚ್ಚದ ಏಳು ಹೆಸರು

ನನಗೆ ಅಕ್ಷರ ಬರುತ್ತವೆ, ಆದರೆ ಒಂದೊಂದೇ ಬರುತ್ತವೆ. ಒಂದು ಹೆಸರು ಕೂಡಿಸಿ ಓದುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದು ಹೋಗುತ್ತದೆ. ಇದು ಗೊತ್ತಿದ್ದೂ ಮೊನ್ನೆಯ ಚುನಾವಣೆಗೆ ಪಕ್ಷದ ಆಫೀಸಿನವನು ಮತದಾರರ ಪಟ್ಟಿಯ ಒಂದು ಹಾಳೆಯನ್ನು ನನ್ನ ಕೈಗೆ ಕೊಟ್ಟ. ಯಾವ ಪಕ್ಷ ಎಂದು ಹೇಳುವುದಿಲ್ಲ. ಹೇಳಿದರೆ ಕೇಳುವವರಲ್ಲಿ ಅರ್ಧ ಮಂದಿ ಇಲ್ಲಿಗೇ ಎದ್ದು ಹೋಗುತ್ತಾರೆ.

ರಾಯಚೂರಿನ ನಮ್ಮ ಓಣಿಗೆ ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಡುವವಳು ನಾನೇ. ಯಾರ ಮನೆಯಲ್ಲಿ ಎಷ್ಟು ಬಾಯಿ, ಯಾರು ಊರು ಬಿಟ್ಟರು, ಯಾರು ತಿರುಗಿ ಬಂದರು, ಎಲ್ಲ ನನಗೆ ತಿಳಿಯುತ್ತದೆ. ಅದಕ್ಕೇ ನನ್ನನ್ನು ಹಿಡಿದರು. ಹೋದ ಸಲ ನಮ್ಮ ಬೂತಿನಲ್ಲಿ ಬಹಳ ಕಡಿಮೆ ಓಟು ಬಿದ್ದಿದ್ದವಂತೆ. ಈ ಸಲ ಹಾಳೆಗೊಬ್ಬರಂತೆ ಜನ ಇಟ್ಟು, ಮನೆಮನೆ ಕೇಳಿ, ತಮ್ಮ ಕಡೆಯವರನ್ನೆಲ್ಲ ಆಟೋದಲ್ಲಿ ಹಾಕಿ ತರಿಸಬೇಕೆಂದು ತೀರ್ಮಾನವಾಗಿತ್ತು.

"ಹಾಳಿಯಾಗ ಮೂವತ್ತು ಮಂದಿ ಅದಾರ," ಎಂದ ಆಫೀಸಿನವನು. "ನಮ್ಮವರಿದ್ರ ಹಿಂಗ ರೈಟ್ ಹಾಕ್ರಿ. ಅವರ ಕಡಿಯವರಿದ್ರ ಅಡ್ಡಗೆರಿ. ಊರಾಗ ಇಲ್ಲದವರಿಗೆ ಏನೂ ಹಾಕಬ್ಯಾಡ್ರಿ, ಖಾಲಿ ಬಿಡ್ರಿ. ಅಷ್ಟ ಕೆಲಸ."

"ಯಾವ ಕಡಿಗೂ ಇಲ್ಲದ ನಡಬರಕ ನಿಂತವರಿದ್ರ?"

"ನಡಬರಕ ಯಾರೂ ನಿಂದ್ರಂಗಿಲ್ಲಬೇ ಯವ್ವಾ. ಸುಳ್ಳು ಹೇಳೋರು ಇರ್ತಾರ, ಅಷ್ಟ."

ಆ ಮಾತು ಮಾತ್ರ ಅವನು ಸರಿಯಾಗಿ ಹೇಳಿದ್ದ.

ಮೊದಲ ದಿನ ಹನ್ನೊಂದು ಮನೆ ತಿರುಗಿದೆ. ಹನ್ನೊಂದೂ ಮನೆಯವರು "ನಿಮಗೇ ಹಾಕ್ತೀವಿ" ಎಂದರು. ಇದೇ ಜನ ಹಿಂದಿನ ದಿನ ಆ ಕಡೆಯ ಪಕ್ಷದ ಹೆಂಗಸರಿಗೂ ಇದನ್ನೇ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಹೆಂಗಸರನ್ನು ಕೇಳಿದರೆ "ಅವರು ಬರಲಿ" ಎನ್ನುತ್ತಾರೆ. ಗಂಡಂದಿರು ಬಂದರೆ "ಏನು ಬೇಕಾದರೂ ಬರಕೋ" ಎನ್ನುತ್ತಾರೆ. ಸಿಟ್ಟು ಬಂತು. ಎರಡನೇ ದಿನದಿಂದ ಓಟಿನ ಮಾತು ಕೇಳುವುದನ್ನೇ ಬಿಟ್ಟೆ. ರೊಟ್ಟಿ ಕೊಡುತ್ತ ಸುಮ್ಮನೆ ನಿಂತೆ. ನನ್ನನ್ನು ಕಂಡು ಕಟ್ಟೆಯಿಂದ ಎದ್ದು, ನೀರು ಕೊಟ್ಟು, "ಕೂಡ್ರಿ ಯವ್ವಾ" ಎಂದು ಉಪಚಾರ ಮಾಡಿದವರು ಆ ಕಡೆಯವರು. "ನಿಮ್ಮವನು ಐದು ವರ್ಷದಾಗ ಒಂದು ಸಲನಾರ ಈ ಓಣಿಗಿ ಬಂದಾನೇನು? ಗಟಾರ ನೋಡು, ಹೆಂಗ ನಾರಾಕತ್ತದ" ಎಂದು ನನ್ನ ಮೇಲೆ ಕೂಗಾಡಿದವರು ನಮ್ಮ ಕಡೆಯವರು. ಬೈಯುವ ಹಕ್ಕು ತಮಗಿದೆ ಎಂದುಕೊಂಡವರೇ ಬೈಯುತ್ತಾರೆ. ಈ ಅಳತೆಯಲ್ಲಿ ಎಲ್ಲರನ್ನೂ ಬೇರೆ ಮಾಡಿದೆ.

ಹಾಳೆಯಲ್ಲಿ ಒಬ್ಬೊಬ್ಬರ ಹೆಸರಿನ ಪಕ್ಕಕ್ಕೆ ಸಣ್ಣ ಫೋಟೋ ಇತ್ತು. ನನಗೆ ಅದೇ ಅನುಕೂಲವಾಯಿತು. ಹೆಸರು ಓದುವ ಕಷ್ಟವಿಲ್ಲ, ಮುಖ ನೋಡಿ ಗುರುತು ಹಾಕಬಹುದು. ಆದರೆ ಪೆನ್ನು ನನ್ನ ಬೆರಳಲ್ಲಿ ನಿಲ್ಲುವುದಿಲ್ಲ. ಎರಡು ರೈಟ್ ಹಾಕಿದೆ, ಕಾಗದ ಹರಿಯಿತು. ಪೆನ್ನು ಬದಿಗಿಟ್ಟು ದೇವರ ಮುಂದಿನ ಕುಂಕುಮದ ಬಟ್ಟಲು ತಂದೆ. ನಮ್ಮವರಿಗೆ ಬೆರಳ ತುದಿಯಿಂದ ಫೋಟೋದ ಹಣೆಗೆ ಒಂದು ಕುಂಕುಮ. ಆ ಕಡೆಯವರಿಗೆ ಹಂಚಿನ ಮಸಿ. ಕೆಲಸ ಬೇಗ ಬೇಗ ಸಾಗಿತು.

ಸಾಗಿ ಸಾಗಿ, ಓಣಿಯ ಕೊನೆಯ ಮನೆಯ ಮುದುಕಿಯ ಫೋಟೋದ ಮೇಲೆ ಬೆರಳು ನಿಂತಿತು. ಅವಳ ಗಂಡ ಸತ್ತು ಎಷ್ಟೋ ವರ್ಷ. ಗಂಡ ಸತ್ತವಳ ಹಣೆಗೆ ಕುಂಕುಮ ಹಚ್ಚಲು ನನ್ನ ಕೈ ಬರಲಿಲ್ಲ. ಕಾಗದದ ಹಣೆ ಎಂದು ನನಗೂ ಗೊತ್ತು. ಆದರೂ ಬರಲಿಲ್ಲ. ಅವಳನ್ನು ಖಾಲಿ ಬಿಟ್ಟೆ. ಹೀಗೆ ಆ ಹಾಳೆಯಲ್ಲಿ ಏಳು ಮಂದಿ ಇದ್ದರು, ಏಳೂ ಮಂದಿ ಗಟ್ಟಿಯಾಗಿ ನಮ್ಮ ಕಡೆಯವರು. ಏಳನೆಯವಳು ನಾನು. ನನ್ನ ಫೋಟೋವನ್ನೂ ಖಾಲಿ ಬಿಟ್ಟೆ. ಖಾಲಿ ಎಂದರೆ ಊರಲ್ಲಿ ಇಲ್ಲ ಎಂದು ಆಫೀಸಿನವನು ಹೇಳಿದ್ದು ನೆನಪಿತ್ತು. ಹಾಳೆ ಕೊಡುವಾಗ ಬಾಯಿಂದ ಹೇಳಿದರಾಯಿತು ಎಂದುಕೊಂಡೆ. ತಪ್ಪು ನನ್ನದೇ.

ಆ ಏಳರಲ್ಲಿ ಒಬ್ಬಳ ವಿಷಯ ಇಲ್ಲೇ ಹೇಳಬೇಕು. ಅವಳದು ಮೂಲೆಮನೆ. ಮುಂದಿನ ಎರಡು ಖೋಲಿಯಲ್ಲಿ ಅವಳ ಮೈದುನನ ಸಂಸಾರ, ಹಿಂದಿನ ಒಂದು ಖೋಲಿ ಅವಳದು. ಅದಕ್ಕೆ ಸಂದಿಯ ಕಡೆ ಬೇರೆ ಬಾಗಿಲು. ಮಗಳು ಹಡೆದಿದ್ದಳೆಂದು ಬಾಣಂತನಕ್ಕೆ ದೇವದುರ್ಗದ ಕಡೆ ಮಸರಕಲ್ಲಿಗೆ ಹೋಗಿದ್ದಳು. ಹೋದ ದಿನದಿಂದ ಮೈದುನ ಓಣಿಯಲ್ಲಿ ಒಂದೇ ಮಾತು ಆಡತೊಡಗಿದ್ದ: "ನಮ್ಮ ಅತ್ತಿಗಿ ಮಗಳ ಊರಾಗ ಮನಿ ಮಾಡ್ಯಾಳ. ಇನ್ನ ಬರಂಗಿಲ್ಲ." ಖೋಲಿ ಅವನಿಗೆ ಬೇಕಿತ್ತು. ಸತ್ತ ಗಂಡ ಅವಳಿಗೆ ಬಿಟ್ಟುಹೋದದ್ದು ಅದೊಂದೇ. ಕಾಗದಪತ್ರ ಎಲ್ಲ ಸತ್ತ ಮಾವನ ಹೆಸರಿನಲ್ಲಿವೆ.

ಫೋನಿನಲ್ಲಿ ಅವಳನ್ನು ಕೇಳಿದ್ದೆ, ಓಟಿಗೆ ಬರುತ್ತೀಯಾ ಎಂದು.

"ಬರದ ಬಿಡ್ತೀನೇನಕ್ಕಾ? ಎಲ್ಲಾರ ಮುಂದ ಬಂದು ಸಾಲಿನಾಗ ನಿಂದರತೀನಿ. ನಾ ಈ ಮನ್ಯಾಕೀನ ಅಂತ ಮಂದಿ ನೋಡಲಿ. ನೀ ಮಾತ್ರ ಊರಾಗ ಅದಾಳಂತ ಬರಕೋ. ಮರೀಬ್ಯಾಡ."

"ಬರಕೋತೀನಿ ತಗೋ," ಎಂದಿದ್ದೆ.

ಹಾಳೆ ತೆಗೆದುಕೊಳ್ಳಲು ಆಫೀಸಿನಿಂದ ಬಂದವನು ಯಾರು ಅಂತೀರಿ? ಅದೇ ಮೈದುನ. ನಮ್ಮ ಪಕ್ಷದ ಬೂತ್ ಏಜೆಂಟ್ ಅವನೇ. ಮತದಾನದ ದಿನ ಬೂತಿನೊಳಗೆ ಕುರ್ಚಿ ಹಾಕಿಕೊಂಡು ಕೂತು, ಬಂದವರು ಪಟ್ಟಿಯಲ್ಲಿರುವವರೇ ಹೌದೋ ಅಲ್ಲವೋ ನೋಡುವ ಕೆಲಸ ಅವನದು.

"ಖಾಲಿ ಇದ್ದವರೊಳಗ ಮೂರು ಮಂದಿ ಬೆಂಗಳೂರಿಗಿ ಗುಳೆ ಹೋದವರು," ಎಂದೆ. "ಉಳಿದ ಏಳು ಮಂದಿ..."

"ಗೊತ್ತಾತು ಬಿಡು ದೊಡ್ಡವ್ವಾ," ಎಂದು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಗಾಡಿ ಚಾಲೂ ಮಾಡಿದ. ನಾನು ಅವನ ಗಾಡಿ ಹಿಡಿದು ನಿಲ್ಲಿಸಿ ಪೂರ್ತಿ ಹೇಳಬೇಕಿತ್ತು. ಹಿಟ್ಟು ಕಲಸಿಟ್ಟು ಬಂದಿದ್ದೆ. ಬಿಟ್ಟುಬಿಟ್ಟೆ.

ಮತದಾನದ ದಿನ ಏಳಕ್ಕೆಲ್ಲ ಶಾಲೆಯ ಮುಂದೆ ಸಾಲು ಹಚ್ಚಿದೆ. ನನ್ನ ಸರದಿ ಬಂದಾಗ ಮೈದುನ ಒಳಗಿನಿಂದ ನಕ್ಕ.

"ದೊಡ್ಡವ್ವಾ, ನೀ ಊರಾಗ ಇಲ್ಲಲ್ಲ. ಕಾಗದದಾಗ ಹಂಗ ಅದ."

ಅವನ ತೊಡೆಯ ಮೇಲೆ ನನ್ನ ಹಾಳೆ ಇತ್ತು. ಖಾಲಿ ಇದ್ದ ಫೋಟೋಗಳ ಸುತ್ತ ಯಾರೋ ಪೆನ್ನಿನಿಂದ ಗುಂಡು ಸುತ್ತಿದ್ದರು. "ನಿನ್ನ ಕಣ್ಣಾಗ ಮಣ್ಣು ಬಿದ್ದದೇನು?" ಎಂದು ಬೈದು, ಕಾರ್ಡು ತೋರಿಸಿ, ಬೆರಳಿಗೆ ಮಸಿ ಹಾಕಿಸಿಕೊಂಡು, ಬಟನ್ ಒತ್ತಿ ಹೊರಗೆ ಬಂದೆ. ತಮಾಷೆ ಮಾಡಿದ ಎಂದುಕೊಂಡೆ.

ತಮಾಷೆ ಅಲ್ಲ ಎಂದು ಹತ್ತು ಗಂಟೆಗೆ ತಿಳಿಯಿತು. ಬೂತಿನಿಂದ ದೂರ, ಬೇವಿನ ಗಿಡದ ಕೆಳಗೆ ಪಕ್ಷದ ಟೇಬಲ್ ಹಾಕಿದ್ದರು. ಅಲ್ಲಿ ಕೇಳಿದೆ, ಮುದುಕಿಯರಿಗೆ ಆಟೋ ಯಾಕೆ ಹೋಗಿಲ್ಲ ಎಂದು. ಹಾಳೆಯ ಗುರುತೆಲ್ಲ ಫೋನಿಗೆ ಏರಿಸಿದ್ದರು, ಟೇಬಲ್ಲಿನವನು ಒತ್ತಿ ನೋಡಿದ. ಕೆಂಪು ಗುರುತಿನವರಿಗೆಲ್ಲ ಆಟೋ ಹೋಗಿತ್ತು. ನನ್ನ ಏಳು ಮಂದಿಯ ಮುಂದೆಯೂ 'ಊರಲ್ಲಿ ಇಲ್ಲ' ಎಂದು ಬಂದಿತ್ತು. ಕುಂಕುಮ ಹಚ್ಚದ್ದಕ್ಕೆ ಹೀಗಾಯಿತು ಎಂದು ಹೇಳಿದೆ. ಅವನು ಒಂದು ಗಳಿಗೆ ನನ್ನ ಹಣೆ ನೋಡಿದ, ಒಂದು ಗಳಿಗೆ ಫೋನು ನೋಡಿದ.

"ಇವತ್ತು ತಿದ್ದಾಕ ಬರಂಗಿಲ್ಲ ಯವ್ವಾ. ಲಾಕ್ ಆಗ್ಯದ."

"ಆಟೋ ಆದರೂ ಕಳಿಸು."

"ಲಿಸ್ಟಿನಾಗ ಇಲ್ಲದವರಿಗಿ ಆಟೋ ಹೆಂಗ ಕಳಿಸ್ಲಿ?"

ನಾನೇ ನಡೆದೆ. ಬಿಸಿಲು ಏರಿತ್ತು. ನಾನು ಬಿಟ್ಟರೆ, ಮೂಲೆಮನೆಯವಳು ಬಿಟ್ಟರೆ ಉಳಿದವರು ಐದು ಮಂದಿ. ಇಬ್ಬರು ಸೀರೆ ಉಟ್ಟು ಬಾಗಿಲಲ್ಲೇ ಆಟೋ ಕಾಯುತ್ತ ಕೂತಿದ್ದರು, ಅವರನ್ನು ಎಬ್ಬಿಸಿ ಕರೆತಂದೆ. ಒಬ್ಬಳಿಗೆ ಮೊಣಕಾಲು ನೋವು, ಆಟೋ ಇಲ್ಲದೆ ಬರುವುದಿಲ್ಲ ಎಂದಳು. ಒಬ್ಬಳು ಕೇಳಿದಳು, "ನಿಮ್ಮ ಫೋನಿನಾಗ ನಾ ಊರಾಗ ಇಲ್ಲಂದ್ರ ಓಟು ಹಾಕಾಕ ನನ್ನ ದೆವ್ವ ಬರಬೇಕೇನು?" ಬಾಗಿಲು ಹಾಕಿಕೊಂಡಳು. ಐದನೆಯವಳು ಬಂದಳು, ದಾರಿಯುದ್ದ ನನಗೆ ಬೈಯುತ್ತ ಬಂದಳು. ಬಂದ ಮೂವರಿಗೂ ಮೈದುನ ತಕರಾರು ಮಾಡಲಿಲ್ಲ. ಕಾರ್ಡು ಇದ್ದವು, ಹಾಕಿ ಹೋದರು. ಅವನಿಗೆ ಬೇಕಾದವಳು ಒಬ್ಬಳೇ ಎಂದು ನನಗೆ ಆಗ ಹೊಳೆಯಬೇಕಿತ್ತು.

ಮೂಲೆಮನೆಯವಳು ಒಂದೂವರೆಗೆ ಬಂದಳು. ಗಬ್ಬೂರಿನಲ್ಲಿ ಬಸ್ಸು ಕೆಟ್ಟು ನಿಂತಿತ್ತಂತೆ. ಚೀಲ ಹೆಗಲಲ್ಲೇ ಇತ್ತು. ಅವಳ ಓಟಿನ ಚೀಟಿ ನನ್ನ ಹತ್ತಿರ ಇತ್ತು, ಕೊಟ್ಟೆ. ಬರೀ ಚೀಟಿ ನಡೆಯುವುದಿಲ್ಲ, ಕಾರ್ಡು ತೆಗೆದುಕೊಂಡು ಹೋಗು ಎಂದೆ. ಕಾರ್ಡು, ಆಧಾರ್, ಪಿಂಚಣಿಯ ಪಾಸ್‌ಬುಕ್ಕು ಎಲ್ಲ ಅವಳ ಖೋಲಿಯ ಟ್ರಂಕಿನಲ್ಲಿದ್ದವು. ಕೈಯಲ್ಲಿ ಇದ್ದದ್ದು ಆಧಾರಿನ ಜೆರಾಕ್ಸು. ಅದನ್ನು ತೋರಿಸಿಯೇ ಬಸ್ಸಿನಲ್ಲಿ ಪುಕ್ಕಟೆ ಬಂದಿದ್ದಳು.

ಹೋದಳು, ಹೋದಷ್ಟೇ ಬೇಗ ತಿರುಗಿ ಬಂದಳು.

"ಅಕ್ಕಾ, ಬಾಗಿಲಕ್ಕ ಹಾಕಿದ್ದ ನನ್ನ ಕೀಲಿ ಮುರದು ಅವನು ತನ್ನ ಕೀಲಿ ಜಡದಾನ. ನನ್ನ ನೆಗೆಣ್ಣಿ, ಅವನ ಹೆಂಡ್ತಿನ ಕೇಳಿದ್ರ, ಅವರನ್ನ ಕೇಳ್ರಿ ಅಂತಾಳ. ಅವನು ಬೂತಿನಾಗ ಕುಂತಾನ."

ಬೂತಿಗೇ ಹೋದಳು. ನಾನು ಗೇಟಿನ ಹೊರಗೆ ನಿಂತೆ. ಒಳಗೆ ಏನಾಯಿತು ಎಂಬುದನ್ನು ಅವಳು ಹೇಳಿದ ಹಾಗೆ ಹೇಳುತ್ತೇನೆ. ಜೆರಾಕ್ಸು ನಡೆಯುವುದಿಲ್ಲ ಎಂದು ಪಟ್ಟಿ ಹಿಡಿದು ಕೂತ ಗುಮಾಸ್ತೆ ಹೇಳಿದಳು. ಇವಳು ಮೈದುನನ ಕಡೆ ಕೈ ಮಾಡಿ, "ಇವನು ನನ್ನ ಮೈದುನ, ಇವನ್ನ ಕೇಳ್ರಿ" ಎಂದಳು. ಅವನು ತಲೆ ಎತ್ತಲಿಲ್ಲ. "ಈ ಹೆಸರಿನಾಕಿ ಊರಾಗ ಇಲ್ರಿ. ನಮ್ಮ ಸರ್ವೇದಾಗ ಅದ, ನೋಡ್ರಿ" ಎಂದು ಹಾಳೆ ತೋರಿಸಿದ. ನನ್ನ ಹಾಳೆ. ಹಿಂದೆ ಸಾಲು ಬೆಳೆದಿತ್ತು. ಕಾರ್ಡು ತಂದು ಬಾ ಎಂದು ಅವಳನ್ನು ಹೊರಗೆ ಕಳಿಸಿದರು.

ಹೊರಗೆ ಬಂದವಳು ಅಳಲಿಲ್ಲ. ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

"ನೀ ಏನಂತ ಬರದೀದಿ ಅಕ್ಕಾ?"

ಹೇಳಿದೆ. ಕುಂಕುಮ, ಹಣೆ, ಎಲ್ಲ ಹೇಳಿದೆ.

"ಮಸಿನಾರ ಹಚ್ಚಿದ್ರ ಊರಾಗ ಇದ್ದಂಗ ಆಗ್ತಿತ್ತಲ್ಲಬೇ," ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆಯತೊಡಗಿದಳು.

ಅವಳನ್ನು ರಟ್ಟೆ ಹಿಡಿದು ಪಕ್ಷದ ಆಫೀಸಿಗೆ ಕರೆದುಕೊಂಡು ಹೋದೆ. ಹಾಳೆ ಕೊಟ್ಟವನೇ ಅಲ್ಲಿದ್ದ. ಮುಂದೆ ಉಪ್ಪಿಟ್ಟಿನ ತಟ್ಟೆ. ನನ್ನ ಮಾತು ಪೂರ್ತಿ ಕೇಳಿದ, ಅದು ಒಳ್ಳೆಯದೇ. ಆಮೇಲೆ ಹೇಳಿದ, "ನೋಡ್ರಿ ಯವ್ವಾ, ಇದು ಮನಿ ಜಗಳ. ಇವತ್ತ ನಮ್ಮ ಏಜೆಂಟನ್ನ ನಾವ ಬೈದ್ರ ಆ ಕಡಿಯವರು ಕುಣೀತಾರ. ಒಂದು ಓಟಿನ ಸಲುವಾಗಿ ಬ್ಯಾಡ. ಎಲೆಕ್ಷನ್ ಮುಗೀಲಿ, ಕುಂತು ಮಾತಾಡೋಣು."

"ಎಲೆಕ್ಷನ್ ಮುಗದ ಮ್ಯಾಲ ನಿಮ್ಮ ಬಾಗಿಲಕ್ಕೂ ಕೀಲಿ ಬೀಳ್ತದಲ್ಲರೀ," ಎಂದೆ. ಅವನು ಉಪ್ಪಿಟ್ಟು ತಿಂದ.

ಹದಿನೈದು ದಿನ ಇವರ ಸಲುವಾಗಿ ಬಿಸಿಲಲ್ಲಿ ತಿರುಗಿದವಳು ನಾನು. ಯಾರು ಯಾರ ಕಡೆ ಎಂದು ಮೂವತ್ತು ಮುಖ ನೋಡಿ ಬೇರೆ ಮಾಡಿದೆ. ಕೀಲಿ ತೆಗೆ ಎಂದು ಅವನೊಬ್ಬನಿಗೆ ಹೇಳುವ ಕಡೆಯವರು ಮಾತ್ರ ಯಾರೂ ಇರಲಿಲ್ಲ. ಹೊರಗೆ ಬಂದು ಗಂಟೆ ಎಷ್ಟಾಯಿತು ಎಂದು ಕೇಳಿದೆ. ನಾಲ್ಕು ಆಗಿತ್ತು. ಆರರ ತನಕ ಓಟು. ಅಷ್ಟು ಹೊತ್ತೂ ಮೈದುನ ಕುರ್ಚಿ ಬಿಟ್ಟು ಏಳುವ ಹಾಗಿರಲಿಲ್ಲ. ಇದು ಹೊಳೆದದ್ದೇ, ಕಟ್ಟಡದ ಕೆಲಸದವರ ಮನೆಯಿಂದ ಒಂದು ಹಾರೆ ಇಸಿದುಕೊಂಡೆ.

ಸಂದಿಯಲ್ಲಿ ಮೈದುನನ ಹೆಂಡತಿ ಬಂದು ಅಡ್ಡ ನಿಂತಳು. "ಹಿಂಗ ಮಾಡಬ್ಯಾಡ್ರಿ, ಅವರು ಬಂದು ನನ್ನ ಕೊಲ್ತಾರ."

"ನಿನ್ನ ಮ್ಯಾಲ ಬರಂಗಿಲ್ಲ ಬಿಡು. ರೊಟ್ಟಿಯಾಕಿ ಮುರಸಿದ್ಳು ಅಂತ ಹೇಳು," ಎಂದೆ. ಹಾರೆಯನ್ನು ಮೂಲೆಮನೆಯವಳ ಕೈಗೆ ಕೊಟ್ಟೆ. "ನೀನ ಹೊಡಿ. ನಾ ಹೊಡದ್ರ ಕಳ್ಳತನ ಆಗ್ತದ. ನೀ ಹೊಡದ್ರ ನಿನ್ನ ಮನಿ."

ಮೊದಲ ಏಟು ಬಾಗಿಲಿಗೆ ಬಿತ್ತು. ಎರಡನೆಯದು ಗೋಡೆಗೆ. ಆರನೆಯದೋ ಏಳನೆಯದೋ, ಚಿಲಕವೇ ಕಿತ್ತುಕೊಂಡು ಬಂತು, ಕೀಲಿ ಹಾಗೇ ಗಟ್ಟಿಯಾಗಿ ಜೋತಾಡುತ್ತಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಸಿಮೆಂಟಿನ ಚೀಲ, ಹಳೆಯ ಗಾಡಿಯ ಟೈರು, ಪಕ್ಷದ ಬ್ಯಾನರಿನ ಕಟ್ಟು. ಅವಳ ಹಾಸಿಗೆಯ ಸುರುಳಿಯನ್ನು ಮೂಲೆಗೆ ತುರುಕಿದ್ದ. ಟ್ರಂಕು ಎಲ್ಲದರ ಕೆಳಗೆ. ಇಬ್ಬರು ಹೆಂಗಸರು ಸಿಮೆಂಟಿನ ಚೀಲ ಎಳೆಯುವುದು ಅಂದರೆ ಏನು ಎಂದು ಎಳೆದವರಿಗೆ ಗೊತ್ತು. ಮುಕ್ಕಾಲು ಗಂಟೆ ಬೇಕಾಯಿತು. ಕಾರ್ಡು ಸಿಕ್ಕಾಗ ಇಬ್ಬರ ಮುಖವೂ ಬೂದಿ ಬಳಿದ ಹಾಗಿತ್ತು.

"ಮುಖ ತೊಳಕೋ. ಕಾರ್ಡಿನಾಗಿನ ಮುಖಕ್ಕ ಹೊಂದಬೇಕಲ್ಲ," ಎಂದೆ. ಆ ದಿನ ಅವಳು ನಕ್ಕದ್ದು ಅದೊಂದು ಸಲ.

ಬೂತಿಗೆ ಹೋದಾಗ ಐದು ಗಂಟೆ ದಾಟಿತ್ತು. ನನ್ನ ಬೆರಳಿಗೆ ಮಸಿ ಬಿದ್ದಿತ್ತಲ್ಲ, ಪೊಲೀಸ್‌ನವನು ಬಾಗಿಲಲ್ಲೇ ತಡೆದ. ಅವಳು ಒಳಗೆ ಹೋದಳು. ಮೈದುನ ಎದ್ದು ನಿಂತದ್ದು ಕಾಣಿಸಿತು. ಎರಡು ರೂಪಾಯಿ ಕಟ್ಟಿ ತಕರಾರು ಹಾಕುತ್ತೇನೆ ಎಂದ. ಹಾಗೆ ಹಾಕುವ ಹಕ್ಕು ಏಜೆಂಟಿಗೆ ಇದೆಯಂತೆ. ಆಗ ಬೂತಿನ ದೊಡ್ಡ ಅಧಿಕಾರಿ ವಿಚಾರಣೆ ಮಾಡಲೇಬೇಕು. ಅವರು ಮಾನ್ವಿಯಿಂದ ಬಂದ ಮೇಷ್ಟ್ರು, ಬೆಳಗಿನಿಂದ ಕೂತು ಕೂತು ಸೊಂಟ ಹಿಡಿದುಕೊಂಡಿದ್ದರು.

"ಏನು ಆಧಾರ ಅದರೀ ನಿಮ್ಮ ಹತ್ರ?" ಎಂದು ಕೇಳಿದರು.

ಮೈದುನ ನನ್ನ ಹಾಳೆಯನ್ನು ಮೇಜಿನ ಮೇಲೆ ಇಟ್ಟ. ಕೆಂಪು, ಕಪ್ಪು ಬೊಟ್ಟುಗಳನ್ನು ಮೇಷ್ಟ್ರು ತಿರುವಿ ಮುರುವಿ ನೋಡಿದರು.

"ಇದೇನ್ರೀ, ಪೂಜಿ ಮಾಡೀರೇನು? ಯಾರು ಮಾಡಿದ್ದು ಇದನ್ನ?"

"ಬಾಗಿಲದಾಗ ನಿಂತಾಳ್ರಿ," ಎಂದಳು ಮೂಲೆಮನೆಯವಳು.

ನನ್ನನ್ನು ಒಳಗೆ ಕರೆದರು. ಆ ಕಡೆಯ ಪಕ್ಷದ ಏಜೆಂಟ್ ಕುರ್ಚಿ ಮುಂದಕ್ಕೆ ಎಳೆದುಕೊಂಡ. ನಮ್ಮ ಕಡೆಯವರು ಯಾರು, ಅವರ ಕಡೆಯವರು ಯಾರು ಎಂದು ನಾನು ಮಾಡಿದ ಗುರುತೆಲ್ಲ ಅವನ ಕಣ್ಣೆದುರೇ ಬಿಚ್ಚಿಬಿದ್ದಿತ್ತು. ಮರ್ಯಾದೆ ಹೋಯಿತು ಎಂದು ಅನ್ನಿಸಿತು. ಆದರೂ ಹೇಳಬೇಕಾದದ್ದನ್ನು ಹೇಳಿದೆ.

"ಸಾಹೇಬ್ರ, ಈಕಿ ಊರಾಗ ಇಲ್ಲಂತ ನಾ ಬಿಟ್ಟಿಲ್ರಿ. ಗಂಡ ಸತ್ತಾಕಿ ಹಣಿಗಿ ಕುಂಕುಮ ಹೆಂಗ ಹಚ್ಚಲಿ ಅಂತ ಬಿಟ್ಟೀನಿ. ಇಕಾ, ಇದು ನನ್ನ ಫೋಟೋ. ಇದೂ ಖಾಲಿ ಅದ. ನಾ ಮುಂಜಾನಿ ನಿಮ್ಮ ಮುಂದ ಓಟು ಹಾಕಿ ಹೋಗೀನಿ. ನಾ ಊರಾಗ ಇಲ್ಲೇನು?"

ಆ ಕಡೆಯ ಏಜೆಂಟ್ ನಕ್ಕ. ಮೇಷ್ಟ್ರು ನಗಲಿಲ್ಲ. ಹಾಳೆಯನ್ನು ಬದಿಗೆ ಸರಿಸಿದರು.

"ಊರಾಗ ಅದಾಳೋ ಇಲ್ಲೋ ಅದನ್ನ ನಾ ಕೇಳಂಗಿಲ್ಲ," ಎಂದು ಮೈದುನನಿಗೆ ಹೇಳಿದರು. "ಪಟ್ಟಿಯಾಗ ಹೆಸರು ಅದ, ಕೈಯಾಗ ಕಾರ್ಡ್ ಅದ. ಈಕಿ ಆಕೀನ ಹೌದೋ ಅಲ್ಲೋ, ಅಷ್ಟ ಹೇಳ್ರಿ. ಸುಳ್ಳು ಹೇಳಿದ್ರ ಕೇಸ್ ಆಗ್ತದ, ಮದ್ಲ ಹೇಳೀನಿ."

ಮೈದುನ ಗೋಡೆ ನೋಡಿದ. ಸಾಲಿನಲ್ಲಿ ಓಣಿಯ ಹತ್ತಾರು ಮಂದಿ ಬಾಗಿಲಿಂದ ಕತ್ತು ಉದ್ದ ಮಾಡಿದ್ದರು.

"ಲೇ ತಮ್ಮಾ, ನಿನ್ನ ಮದಿವ್ಯಾಗ ನಿನಗ ಅರಿಶಿಣ ಹಚ್ಚಿದಾಕಿ ಯಾರು?" ಎಂದೆ.

"ನೀವು ಸುಮ್ನಿರ್ರಿ," ಎಂದರು ಮೇಷ್ಟ್ರು.

"ಹೌದ್ರಿ," ಎಂದ ಮೈದುನ. "ನಮ್ಮಣ್ಣನ ಹೆಂಡ್ತಿ."

ಮೇಷ್ಟ್ರು ಒಂದು ಫಾರಂ ತೆಗೆದು ಬರೆದುಕೊಂಡರು. ಅವಳ ಹೆಸರು, ವಿಳಾಸ. ಮನೆ ನಂಬರ್ ಏನು ಎಂದು ಅವಳನ್ನೇ ಕೇಳಿದರು. ಅವಳು ನಂಬರ್ ಹೇಳಿ, "ಹಿಂದಿನ ಖೋಲಿ, ಸಂದಿ ಬಾಗಿಲ. ಹಂಗ ಬರೀರಿ" ಎಂದಳು. ಅಷ್ಟೆಲ್ಲ ಬೇಡ ಎಂದರು. "ಬರೀರಿ ಸಾಹೇಬ್ರ, ಹಿಂದಿನ ಖೋಲಿ ಅಂತ ಬರೀರಿ" ಎಂದು ಹಟ ಹಿಡಿದಳು. ಬರೆದರು. ಅವಳು ಸಹಿ ಮಾಡಿದಳು, ಕೆಳಗೆ ಮೈದುನನಿಂದಲೂ ಮಾಡಿಸಿದರು. ಆಮೇಲೆ ಮಸಿ, ಆಮೇಲೆ ಮಷೀನು. ಉದ್ದನೆಯ ಸದ್ದು ಬಂತು.

ಹೊರಗೆ ಬಂದವಳು ಮತ್ತೆ ಒಳಗೆ ತಿರುಗಿದಳು. "ಸಾಹೇಬ್ರ, ಆ ಕಾಗದದ ಒಂದು ಜೆರಾಕ್ಸ್ ಕೊಡ್ರಿ."

"ಅದು ಕೊಡಾಕ ಬರಂಗಿಲ್ಲ ತಂಗಿ. ಲಕೋಟಿಯಾಗ ಹಾಕಿ ಮೊಹರು ಮಾಡಿ ಒಪ್ಪಸ್ತೀನಿ. ಯಾರೂ ತಗಿಯಂಗಿಲ್ಲ."

"ಅವನು ಸಹಿ ಮಾಡ್ಯಾನಲ್ರಿ ಅದರಾಗ."

"ಮಾಡ್ಯಾರ. ಆದ್ರ ಕೊಡಾಕ ಬರಂಗಿಲ್ಲ."

ಅವಳು ಹಿಂದಿನ ಖೋಲಿಯವಳು ಎಂದು ಮೈದುನ ಒಪ್ಪಿ ಸಹಿ ಹಾಕಿದ ಕಾಗದ ಈ ಲೋಕದಲ್ಲಿ ಅದೊಂದೇ. ಅದನ್ನು ಅವಳ ಕಣ್ಣೆದುರೇ ಲಕೋಟೆಗೆ ಹಾಕಿ ಅರಗು ಒತ್ತಿದರು.

ಫೋನಿನಲ್ಲಿಯಾದರೂ ಆ ಏಳು ಹೆಸರು ತಿದ್ದಿರಿ ಎಂದು ಹೇಳಲು ಮರುದಿನ ಆಫೀಸಿಗೆ ಹೋದೆ. ಬೀಗ ಹಾಕಿತ್ತು. ಪಕ್ಕದ ಚಹದಂಗಡಿಯವನು, ಮಳಿಗೆ ಖಾಲಿ ಮಾಡಿಕೊಂಡು ಹೋದರು ಎಂದ.

ಮೈದುನ ಕೂಗಾಡಲಿಲ್ಲ. ಓಣಿಯವರೆಲ್ಲ ಕೇಳಿದ್ದರು, ಅದಕ್ಕೇ ಸುಮ್ಮನಾದ. ಸಿಮೆಂಟಿನ ಚೀಲ ಮಾತ್ರ ತೆಗೆಯಲಿಲ್ಲ. ಅವಳು ಅವುಗಳ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡು ಎರಡು ದಿನ ಇದ್ದಳು. ಮೂರನೇ ದಿನ ಮಸರಕಲ್ಲಿನಿಂದ ಫೋನು ಬಂತು, ಕೂಸಿಗೆ ಜ್ವರ. ಬಾಗಿಲಿಗೆ ಚಿಲಕವೇ ಇರಲಿಲ್ಲ. ಹೋದರೆ ಖೋಲಿ ಹೋಗುತ್ತದೆ, ಇದ್ದರೆ ಮಗಳು ಒಬ್ಬಳೇ. ಹೊಸ್ತಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು.

"ಹೋಗು, ಬಸ್ಸು ತಪ್ತದ. ನಾ ಇಲ್ಲೇ ಮಲಗ್ತೀನಿ," ಎಂದೆ.

"ಎಷ್ಟು ದಿನ ಮಲಗ್ತೀದಿ?"

"ನೀ ಬರೂತನ."

ಮೈದುನ ಬಂದು ಕೇಳಿದ, ಯಾರನ್ನು ಕೇಳಿ ಇಲ್ಲಿ ಹಾಸಿಗೆ ಹಾಕಿದೆ ಎಂದು. ನಾನು ಹಾಸಿಗೆಯ ಮೇಲೆ ಕಾಲು ಚಾಚಿದೆ. ಅವರ ಪಕ್ಷ ಗೆದ್ದಿತೋ ಸೋತಿತೋ, ಪಟಾಕಿ ಸದ್ದು ಮಾತ್ರ ಕೇಳಿಸಿತು, ಯಾರದು ಎಂದು ಕೇಳಲು ಎದ್ದು ಹೋಗಲಿಲ್ಲ. ನನ್ನ ಹಾಸಿಗೆಯ ಪಕ್ಕದ ಚೀಲಗಳಲ್ಲಿ ಸಿಮೆಂಟು ಗಟ್ಟಿಯಾಗತೊಡಗಿದೆ. ಅವಳ ಮಗಳ ಬಾಣಂತನ ಇನ್ನೂ ಮುಗಿದಿಲ್ಲ.